ಮೂರನೇ ಮಹಡಿಯ ವಾಲ್ವ್ ರೇಡಿಯೊ ಮತ್ತು ಹನ್ನೊಂದು ಸುತ್ತಿನ ಏರಿಯಲ್: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಕುವೆಂಪುನಗರದ ವಸತಿ ಸಮುಚ್ಚಯವೊಂದರ ಮೂರನೇ ಮಹಡಿಯಲ್ಲಿ ವಾಸವಾಗಿರುವ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ತಂದೆಯವರ ಕಾಲದ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ರೇಡಿಯೊವನ್ನು ಹಳೆಯ ಜಮಖಾನದಲ್ಲಿ ಸುತ್ತಿಕೊಂಡು ನನ್ನ ಮನೆಗೆ ತಂದಾಗ ಅವರ ದೂರು ಚಿಕ್ಕದಾಗಿತ್ತು: “ದೀಪ ಹತ್ತುತ್ತೆ, ವಾಲ್ವು ಬಿಸಿಯಾಗುತ್ತೆ, ಸ್ಟೇಷನ್ ಮಾತ್ರ ಸಿಗೋದಿಲ್ಲ.” ಹಳೆಯ ರೇಡಿಯೊಗಳನ್ನು ಹವ್ಯಾಸಕ್ಕಾಗಿ ಸರಿಪಡಿಸುವ ನನಗೆ ಇಂಥ ದೂರು ಹೊಸದೇನಲ್ಲ. ಆದರೆ ಈ ಪ್ರಕರಣದಲ್ಲಿ ತೊಂದರೆ ರೇಡಿಯೊದ ಒಳಗಿಗಿಂತ ಹೊರಗೇ ಹೆಚ್ಚಾಗಿತ್ತು. ಅದನ್ನು ಕಂಡುಕೊಳ್ಳುವ ದಾರಿಯಲ್ಲಿ ನಾನೂ ಎರಡು ಮೂರು ಕಡೆ ಎಡವಿದ್ದರಿಂದ ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ರೇಡಿಯೊ ಐದು ವಾಲ್ವಿನದು: ಯುಸಿಎಚ್ 42, ಯುಎಫ್ 41, ಯುಬಿಸಿ 41, ಯುಎಲ್ 41 ಮತ್ತು ಯುವೈ 41. ಈ ‘ಯು’ ಸರಣಿಯ ವಾಲ್ವುಗಳ ಹೀಟರುಗಳೆಲ್ಲ (ವಾಲ್ವನ್ನು ಒಳಗಿನಿಂದ ಬಿಸಿಮಾಡುವ ತಂತಿಗಳು) 100 ಮಿಲಿಆಂಪಿಯರಿನವು. ಅವುಗಳನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿ, ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಮನೆಯ ವಿದ್ಯುತ್ತಿಗೇ ಕೊಟ್ಟಿರುತ್ತಾರೆ. ಎ.ಸಿ. (ಪರ್ಯಾಯ ವಿದ್ಯುತ್ತು) ಇದ್ದ ಊರಿನಲ್ಲೂ ಡಿ.ಸಿ. (ಏಕಮುಖ ವಿದ್ಯುತ್ತು) ಇದ್ದ ಊರಿನಲ್ಲೂ ನಡೆಯಲೆಂದು ಮಾಡಿದ ವಿನ್ಯಾಸವಿದು. ಇದರ ಪರಿಣಾಮವಾಗಿ ರೇಡಿಯೊದ ಚಾಸಿಯೇ (ಬಿಡಿಭಾಗಗಳನ್ನು ಕೂರಿಸಿದ ಲೋಹದ ತಳ) ವಿದ್ಯುತ್ತಿನ ಒಂದು ತಂತಿಗೆ ಕೂಡಿಕೊಂಡಿರುತ್ತದೆ, ಮತ್ತು ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಆ ತಂತಿ ಫೇಸ್ (ಮುಟ್ಟಿದರೆ ಷಾಕ್ ಹೊಡೆಯುವ ತಂತಿ) ಆಗಿಬಿಡಬಹುದು. ಮುಂದೆ ಹೇಳುವ ಮೊದಲ ಕೆಲಸಕ್ಕೆ ಇದೇ ಕಾರಣ.

ಇನ್ನೊಂದು ಲಕ್ಷಣವೂ ಮುಖ್ಯ. ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಇರುವ ಫೆರೈಟ್ ಕಡ್ಡಿ (ಒಳಗೇ ಕೂತು ಏರಿಯಲ್ಲಿನ ಕೆಲಸ ಮಾಡುವ ಕಾಂತೀಯ ಕಡ್ಡಿ) ಆ ಕಾಲದ ವಾಲ್ವ್ ರೇಡಿಯೊಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಿಂಬದಿಯಲ್ಲಿ ‘ಏರಿಯಲ್’, ‘ಅರ್ಥ್’ ಎಂಬ ಎರಡು ತೂತುಗಳಿರುತ್ತವೆ, ಅಷ್ಟೆ. ಹೊರಗಿನಿಂದ ಉದ್ದನೆಯ ತಂತಿಯೊಂದು ಬರುತ್ತದೆಂದು ನಂಬಿಯೇ ಒಳಗಿನ ಸುರುಳಿಗಳನ್ನು ಸುತ್ತಿರುತ್ತಾರೆ. ಮೇಷ್ಟ್ರ ಹಳ್ಳಿಯ ಮನೆಯಲ್ಲಿ ಎರಡು ತೆಂಗಿನ ಮರಗಳ ನಡುವೆ ಪಿಂಗಾಣಿ ಬಿಲ್ಲೆಗಳಿಗೆ ಕಟ್ಟಿದ ತಾಮ್ರದ ತಂತಿಯಿತ್ತಂತೆ. ಅರ್ಥ್ ತಂತಿಯನ್ನು ಬಚ್ಚಲು ನೀರು ಹರಿದು ಸದಾ ಒದ್ದೆಯಾಗಿರುತ್ತಿದ್ದ ಬಾಳೆಗಿಡದ ಬುಡದಲ್ಲಿ ಹೂತ ಕಬ್ಬಿಣದ ಕೊಳವೆಗೆ ಕಟ್ಟಿದ್ದರಂತೆ. ಆ ಕೊಳವೆಯ ಜಾಗವನ್ನು ಆರಿಸಿದವರಿಗೆ ವಿಷಯ ಚೆನ್ನಾಗಿ ತಿಳಿದಿತ್ತೆಂದು ನನ್ನ ಅಭಿಪ್ರಾಯ.

ಗುರಿ ಯಾವ ಸ್ಟೇಷನ್ ಎಂಬುದನ್ನೂ ಹೇಳಿಬಿಡಬೇಕು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದ ಊರು ಮೈಸೂರು. ಆದರೆ 1955ರಲ್ಲಿ ಆ ಕೇಂದ್ರ ಬೆಂಗಳೂರಿಗೆ ಹೋಯಿತು. ಈಗ ಮೈಸೂರಿನಲ್ಲಿರುವ ಆಕಾಶವಾಣಿ ಎಫ್.ಎಂ.ನಲ್ಲಿ ಬರುವುದರಿಂದ ಈ ರೇಡಿಯೊಗೆ ಅದು ಕೇಳಿಸುವುದೇ ಇಲ್ಲ. ಹೀಗಾಗಿ ಹಗಲಿನಲ್ಲಿ ಮೇಷ್ಟ್ರಿಗೆ ಉಳಿದಿರುವುದು ಬೆಂಗಳೂರಿನ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಪ್ರಸಾರ, ಅಲೆಯುದ್ದವನ್ನು ಮೀಟರಿನಲ್ಲಿ ತೋರಿಸುವ ಅವರ ಡಯಲ್ಲಿನಲ್ಲಿ 490ರ ಗುರುತು. ಅದು 200 ಕಿಲೋವ್ಯಾಟಿನ ಪ್ರಸಾರ, ದೂರ ನೇರ ಗೆರೆಯಲ್ಲಿ ಸುಮಾರು 125 ಕಿಲೋಮೀಟರ್.

ಮೊದಲು ಸುರಕ್ಷತೆ

ಚಾಸಿಯಲ್ಲಿ ವಿದ್ಯುತ್ತಿರುವ ರೇಡಿಯೊದಲ್ಲಿ ಏರಿಯಲ್ ತೂತಿಗೂ ಒಳಗಿನ ಸರ್ಕೀಟಿಗೂ ನಡುವೆ ಒಂದು ಚಿಕ್ಕ ಕಂಡೆನ್ಸರ್ ಮಾತ್ರ ತಡೆಗೋಡೆಯಾಗಿ ನಿಂತಿರುತ್ತದೆ. ಈ ರೇಡಿಯೊದಲ್ಲಿ ಅದು 1000 ಪಿಕೊಫ್ಯಾರಡ್ ಧಾರಣೆಯದು (ಧಾರಣೆ ಎಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿಯ ಅಳತೆ), ಕಾಗದದ್ದು, ಅರವತ್ತು ವರ್ಷಕ್ಕೂ ಹಳೆಯದು. ಮನೆಯೊಳಗೆ ಕೈಗೆಟಕುವಂತೆ ಏರಿಯಲ್ ಇಡಬೇಕೆಂದರೆ ಆ ಗೋಡೆ ಗಟ್ಟಿಯಾಗಿದೆಯೇ ಎಂದು ಮೊದಲು ನೋಡಲೇಬೇಕು.

ಇಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಿದರೆ ಅದು ಮೋಸ ಮಾಡುತ್ತದೆ. ಕಂಡೆನ್ಸರ್ ಸಂಪೂರ್ಣ ಚೆನ್ನಾಗಿದ್ದರೂ ಏರಿಯಲ್ ತೂತು ಮತ್ತು ಗೋಡೆಯ ಸಾಕೆಟ್ಟಿನ ಅರ್ಥ್ ಪಿನ್ನಿನ ನಡುವೆ ಡಿಜಿಟಲ್ ಮೀಟರ್ 200 ವೋಲ್ಟಿಗೂ ಹೆಚ್ಚು ತೋರಿಸುತ್ತದೆ. 50 ಹರ್ಟ್ಸಿನಲ್ಲಿ 1000 ಪಿಕೊಫ್ಯಾರಡಿನ ತಡೆ ಸುಮಾರು 32 ಲಕ್ಷ ಓಮ್, ಮೀಟರಿನ ತಡೆ ಒಂದು ಕೋಟಿ ಓಮ್. ವೋಲ್ಟೇಜಿನ ಬಹುಪಾಲು ಮೀಟರಿನ ಮೇಲೇ ಬೀಳುತ್ತದೆ. ಆದ್ದರಿಂದ ಮೀಟರಿಗೆ ಅಡ್ಡಲಾಗಿ ಒಂದು ಲಕ್ಷ ಓಮಿನ, ಒಂದು ವ್ಯಾಟಿನ ರೆಸಿಸ್ಟರನ್ನು ಕ್ಲಿಪ್ಪಿನಿಂದ ಹಚ್ಚಿ, ಆಮೇಲೆ ಸ್ವಿಚ್ ಹಾಕಿ, ಪ್ಲಗ್ಗನ್ನು ಎರಡೂ ರೀತಿ ಚುಚ್ಚಿ ನೋಡಬೇಕು. ಕಂಡೆನ್ಸರ್ ಒಳ್ಳೆಯದಾಗಿದ್ದರೆ 7 ವೋಲ್ಟಿನ ಆಸುಪಾಸು ಬರಬೇಕು. ಇಲ್ಲಿ ಬಂದದ್ದು 90 ವೋಲ್ಟ್. ಎಂದರೆ ಕಂಡೆನ್ಸರ್ ಸೋರುತ್ತಿತ್ತು. ಮೇಷ್ಟ್ರು ಈ ಮೊದಲು ಏರಿಯಲ್ ತಂತಿಯನ್ನು ಮುಟ್ಟಿದಾಗ “ಜುಮ್ ಅನ್ನುತ್ತಿತ್ತು” ಎಂದದ್ದರ ಅರ್ಥ ಆಗ ತಿಳಿಯಿತು. ಏರಿಯಲ್ ಮತ್ತು ಅರ್ಥ್ ಎರಡೂ ತೂತುಗಳ ಕಂಡೆನ್ಸರುಗಳನ್ನು ತೆಗೆದು, ಅಷ್ಟೇ ಧಾರಣೆಯ ‘ವೈ’ ವರ್ಗದ ಸುರಕ್ಷತಾ ಕಂಡೆನ್ಸರುಗಳನ್ನು ಬೆಸೆದೆ. ಈ ವರ್ಗದವು ಕೆಟ್ಟರೂ ಒಳಗೆ ಶಾರ್ಟ್ ಆಗದೆ, ವಿದ್ಯುತ್ತನ್ನು ಹೊರಬಿಡದಂತೆ ತಯಾರಾಗಿರುತ್ತವೆ. ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೊಗೆ ಈ ಪರೀಕ್ಷೆ ಮಾಡದೆ ಮನೆಯಲ್ಲೇ ಮಾಡಿದ ಯಾವ ಏರಿಯಲ್ಲನ್ನೂ ಸಿಕ್ಕಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬೆಸುಗೆಯ ಅಭ್ಯಾಸವಿಲ್ಲದವರು ಇಷ್ಟು ಕೆಲಸವನ್ನು ಬಲ್ಲವರಿಂದ ಮಾಡಿಸಿಕೊಳ್ಳುವುದು ಮೇಲು.

ನನ್ನ ಹಿತ್ತಿಲಿನ 15 ಮೀಟರ್ ತಂತಿಗೆ ಸಿಕ್ಕಿಸಿದ ಕೂಡಲೇ ರೇಡಿಯೊ ಬೆಂಗಳೂರನ್ನು ಹಾಡಿತು. ಮರುದಿನ ಮೇಷ್ಟ್ರ ಮನೆಯಲ್ಲಿ ಅದೇ ರೇಡಿಯೊ, ಅದೇ 490ರ ಗುರುತಿನಲ್ಲಿ, ಜೀರುಂಡೆಗಳ ಹಿಂಡು ಹೊಕ್ಕಂತೆ ಗೊರಗುಟ್ಟಿತು.

ಕೊರತೆ ಯಾವುದರದು?

ಮೇಷ್ಟ್ರ ಬಳಿ ಹಳೆಯ ತಾಮ್ರದ ಜಾಲರಿ ಏರಿಯಲ್ ಇತ್ತು. ಒಂದು ಕಾಲದಲ್ಲಿ ನಮ್ಮ ಮನೆಗಳ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ತೋರಣದಂತೆ ಕಟ್ಟಿರುತ್ತಿದ್ದ, ನಾಲ್ಕು ಬೆರಳಗಲದ ಆ ಪಟ್ಟಿಯನ್ನು ನೋಡಿದವರು ಮರೆತಿರಲಾರರು. ಅದನ್ನು ಕಟ್ಟಿದೆವು, ಗೊರಗು ಹೆಚ್ಚಾಯಿತು. ಬಾಲ್ಕನಿಯ ಉದ್ದಕ್ಕೂ ಹತ್ತು ಮೀಟರ್ ತಂತಿ ಎಳೆದೆವು; ಸ್ಟೇಷನ್ನಿನ ದನಿ ತುಸು ಏರಿತು, ಗೊರಗು ಅದಕ್ಕಿಂತ ಹೆಚ್ಚು ಏರಿತು. ಏರಿಯಲ್ ದೊಡ್ಡದಾದಷ್ಟೂ ಒಳ್ಳೆಯದೆಂಬ ಹಳೆಯ ನಂಬಿಕೆ ಇಲ್ಲಿ ಕೈಕೊಟ್ಟಿತು.

ಆಗ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಜೇಬಿನ ಟ್ರಾನ್ಸಿಸ್ಟರ್ ರೇಡಿಯೊವನ್ನು 612ಕ್ಕೆ ಇಟ್ಟುಕೊಂಡು ತಾರಸಿಗೆ ಹತ್ತಿದೆ. ಬೆರಳುದ್ದದ ಫೆರೈಟ್ ಕಡ್ಡಿಯ ಆ ರೇಡಿಯೊ ತಾರಸಿಯಲ್ಲಿ ಬೆಂಗಳೂರನ್ನು ನಿಚ್ಚಳವಾಗಿ ಹಿಡಿಯಿತು. ಮೆಟ್ಟಿಲಿಳಿಯುತ್ತ ಬಂದಂತೆ ಸದ್ದು ಬೆಳೆಯಿತು, ಮೇಷ್ಟ್ರ ಪಡಸಾಲೆಯಲ್ಲಿ ಸ್ಟೇಷನ್ ಮುಳುಗಿಯೇ ಹೋಯಿತು. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಗೋಡೆಗಳು ಅಲೆಯನ್ನು ಒಂದಿಷ್ಟು ತಗ್ಗಿಸುತ್ತವೆ, ನಿಜ. ಆದರೂ ಕೊರತೆ ಸಿಗ್ನಲ್ಲಿನದಾಗಿರಲಿಲ್ಲ, ಗದ್ದಲ ಅತಿಯಾಗಿತ್ತು. ಜಾಲರಿ ಏರಿಯಲ್ ಅರವತ್ತರ ದಶಕದಲ್ಲಿ ಕೆಲಸ ಮಾಡಿದ್ದು ಆಗ ಮನೆಯಲ್ಲಿ ಬಲ್ಬು, ಫ್ಯಾನು, ಇಸ್ತ್ರಿಪೆಟ್ಟಿಗೆಗಳಷ್ಟೇ ಇದ್ದುದರಿಂದ. ಇಂದಿನ ಎಲ್‌ಇಡಿ ದೀಪದ ಡ್ರೈವರ್, ಮೊಬೈಲ್ ಚಾರ್ಜರ್, ಮೋಡೆಮ್ ಅಡಾಪ್ಟರ್ ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ ಕೆಲಸ ಮಾಡುವಂಥವು. ಆ ತುಂಡರಿಕೆಯ ಗುಣಕ ಆವರ್ತನಗಳು (ಅದರ ಎರಡು, ಮೂರು, ನಾಲ್ಕು ಪಟ್ಟಿನವು) ಮೀಡಿಯಂ ವೇವಿನ ಉದ್ದಕ್ಕೂ ಹರಡಿಕೊಂಡು ಮನೆಯ ವೈರಿಂಗಿನಲ್ಲಿ ಓಡಾಡುತ್ತಿರುತ್ತವೆ.

ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಮೇಷ್ಟ್ರ ಮನೆಯ ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಆರಿಸಿದೆವು. ಪಡಸಾಲೆಯ ಎಲ್‌ಇಡಿ ಟ್ಯೂಬ್‌ಲೈಟ್ ಮತ್ತು ಮೋಡೆಮ್ಮಿನ ಅಡಾಪ್ಟರ್ ದೊಡ್ಡ ಅಪರಾಧಿಗಳೆಂದು ಹೊರಬಿತ್ತು. ಎರಡನ್ನೂ ಬದಲಾಯಿಸಿದ್ದರಿಂದ ಗದ್ದಲ ಅರ್ಧಕ್ಕಿಳಿಯಿತು. ಆದರೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದರೂ ನಿಲ್ಲದ ಒಂದು ಗುಂಯ್ಗುಡುವಿಕೆ ಉಳಿಯಿತು. ಅದು ಆಗಾಗ ಏರುತ್ತಿತ್ತು, ಮತ್ತೆ ತಾನೇ ಇಳಿಯುತ್ತಿತ್ತು. ಮೆಟ್ಟಿಲ ಬಳಿ ನಿಂತಾಗ ಗುಟ್ಟು ಬಯಲಾಯಿತು: ಲಿಫ್ಟ್ ಚಲಿಸುವಾಗಲೆಲ್ಲ ಅದು ಬರುತ್ತಿತ್ತು. ಮೋಟಾರಿನ ವೇಗವನ್ನು ಹದಗೊಳಿಸುವ ಇನ್ವರ್ಟರ್ ಡ್ರೈವ್ ಅದರ ಮೂಲ. ಒಂದು ರೇಡಿಯೊಗಾಗಿ ಲಿಫ್ಟ್ ನಿಲ್ಲಿಸಿರೆಂದು ಸಮುಚ್ಚಯದ ಸಭೆಯಲ್ಲಿ ಕೇಳುವಷ್ಟು ಧೈರ್ಯ ಮೇಷ್ಟ್ರಿಗೂ ಇರಲಿಲ್ಲ.

ಚೌಕಟ್ಟಿನ ಏರಿಯಲ್ಲಿನ ಆಯ್ಕೆ ಮತ್ತು ಲೆಕ್ಕ

ಹೀಗಾಗಿ ಬೇಕಾದದ್ದು ಹೆಚ್ಚು ಹಿಡಿಯುವ ಏರಿಯಲ್ ಅಲ್ಲ, ಕೆಲವನ್ನು ಹಿಡಿಯದೆ ಬಿಡಬಲ್ಲ ಏರಿಯಲ್. ಚೌಕಾಕಾರದ ಚೌಕಟ್ಟಿಗೆ ಸುತ್ತಿದ ಲೂಪ್ ಏರಿಯಲ್ಲಿಗೆ ಆ ಗುಣವಿದೆ. ತಂತಿ ಮತ್ತು ಜಾಲರಿ ಏರಿಯಲ್ಲುಗಳು ಮುಖ್ಯವಾಗಿ ಅಲೆಯ ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುತ್ತವೆ. ಮನೆಯ ವೈರಿಂಗಿನ ಸುತ್ತ ಹತ್ತಿರದಲ್ಲಿ ತುಂಬಿರುವ ಗದ್ದಲದ ಬಹುಪಾಲು ಅದೇ ಕ್ಷೇತ್ರದಲ್ಲಿರುತ್ತದೆ. ಲೂಪ್ ಮುಖ್ಯವಾಗಿ ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ. ಜೊತೆಗೆ ಅದಕ್ಕೆ ದಿಕ್ಕಿನ ವಿವೇಚನೆಯಿದೆ: ಚೌಕಟ್ಟಿನ ಅಂಚು ಯಾವ ಕಡೆ ನೋಡುತ್ತದೆಯೋ ಆ ಕಡೆಯಿಂದ ಹೆಚ್ಚು ಹಿಡಿಯುತ್ತದೆ, ಮುಖ ಯಾವ ಕಡೆಗಿದೆಯೋ ಆ ಕಡೆಯದನ್ನು ಬಹುಮಟ್ಟಿಗೆ ಕೇಳಿಸಿಕೊಳ್ಳುವುದೇ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆ ಸಿಗ್ನಲ್ಲಿನ ಗಾತ್ರ. 60 ಸೆಂ.ಮೀ. ಬದಿಯ, 11 ಸುತ್ತಿನ ಚೌಕಟ್ಟು 490 ಮೀಟರಿನ ಅಲೆಗೆ ಕೇವಲ 5 ಸೆಂ.ಮೀ. ಎತ್ತರದ ತಂತಿಯಷ್ಟೇ ಸಮ. ಆದರೆ ಅದಕ್ಕೆ ಗ್ಯಾಂಗ್ ಕಂಡೆನ್ಸರ್ (ತಗಡುಗಳನ್ನು ತಿರುಗಿಸಿ ಧಾರಣೆ ಬದಲಿಸುವಂಥದು) ಜೋಡಿಸಿ ಬೇಕಾದ ಸ್ಟೇಷನ್ನಿಗೆ ಶ್ರುತಿ ಮಾಡಿದರೆ, ಸುರುಳಿಯ ಗುಣಾಂಕ (ಶ್ರುತಿ ಕೂಡಿದಾಗ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆಂಬ ಅಳತೆ) 100 ಇದ್ದಲ್ಲಿ, ಅದೇ 5 ಸೆಂ.ಮೀ. ಐದು ಮೀಟರಿನಂತೆ ವರ್ತಿಸುತ್ತದೆ. ತಂಬೂರಿಯ ಒಂದು ತಂತಿ ಮೀಟಿದಾಗ ಪಕ್ಕದ ಸರಿಶ್ರುತಿಯ ತಂತಿ ತಾನಾಗಿ ಮಿಡಿಯುವಂತೆಯೇ ಇದು. ಶ್ರುತಿ ತಪ್ಪಿದರೆ ಮಿಡಿತವೂ ಇಲ್ಲ.

ಸುತ್ತಿನ ಲೆಕ್ಕಕ್ಕೆ ಕಂಡೆನ್ಸರಿನಿಂದ ಹೊರಡಬೇಕು. ಸತ್ತ ರೇಡಿಯೊವೊಂದರಿಂದ ಬಿಚ್ಚಿಟ್ಟಿದ್ದ ಎರಡು ಭಾಗದ ಗ್ಯಾಂಗಿನಲ್ಲಿ ಒಂದು ಭಾಗದ ಗರಿಷ್ಠ ಧಾರಣೆ 490 ಪಿಕೊಫ್ಯಾರಡ್. ಸುತ್ತುಗಳ ನಡುವಿನ ಧಾರಣೆಯನ್ನೂ ಸೇರಿಸಿದರೆ 515 ಎನ್ನಬಹುದು. ಡಯಲ್ಲಿನ ಕೆಳತುದಿಯಾದ 530 ಕಿಲೋಹರ್ಟ್ಸಿಗೆ ಅದರ ಜೊತೆ ಸರಿಹೊಂದುವ ಸುರುಳಿ ಸುಮಾರು 175 ಮೈಕ್ರೊಹೆನ್ರಿಯದು (ಸುರುಳಿಯ ಪ್ರೇರಕತೆಯ ಅಳತೆ). 60 ಸೆಂ.ಮೀ. ಚೌಕಕ್ಕೆ 6 ಮಿ.ಮೀ. ಅಂತರದಲ್ಲಿ 11 ಸುತ್ತು ಸುತ್ತಿದರೆ 173 ಬರುತ್ತದೆ. ತಂತಿ ಬೇಕಾಗುವುದು 27 ಮೀಟರಿನೊಳಗೆ.

ಈ ಲೆಕ್ಕವನ್ನು ನಾನು ಮಾಡಿದ್ದು ತಪ್ಪಾದ ಮೇಲೆ. ಮೊದಲು ‘ನಾಲ್ಕು ಸುತ್ತು ಹೆಚ್ಚಿದ್ದರೆ ಕಿತ್ತುಹಾಕಿದರಾಯಿತು’ ಎಂಬ ಉದಾಸೀನದಿಂದ 14 ಸುತ್ತು ಸುತ್ತಿದ್ದೆ. ಆಗ ಸುರುಳಿ 258 ಮೈಕ್ರೊಹೆನ್ರಿಯದಾಗಿ, ಲೂಪ್ ಕೆಳಗೆ 440ರ ತನಕ ಇಳಿಯುತ್ತಿತ್ತು, ಮೇಲೆ 1400ಕ್ಕೆ ನಿಂತುಬಿಡುತ್ತಿತ್ತು. ಡಯಲ್ಲಿನ ಮೇಲ್ತುದಿ ಕೈತಪ್ಪಿದ್ದಲ್ಲದೆ, ಕೆಳಗೆ ರೇಡಿಯೊದ ಒಳಗಿನ ಮಧ್ಯಂತರ ಆವರ್ತನವಾದ (ಹಿಡಿದ ಸ್ಟೇಷನ್ ಯಾವುದಾದರೂ ರೇಡಿಯೊ ಅದನ್ನು ಮಾರ್ಪಡಿಸಿಕೊಳ್ಳುವ ಒಂದೇ ಆವರ್ತನ) 455 ಕಿಲೋಹರ್ಟ್ಸಿಗೇ ಲೂಪ್ ಶ್ರುತಿಯಾಗುತ್ತಿತ್ತು. ಆ ಜಾಗದಲ್ಲಿ ಏರಿಯಲ್ ಹಿಡಿದ ಗದ್ದಲ ಯಾವ ಜರಡಿಗೂ ಸಿಗದೆ ನೇರ ಒಳನುಗ್ಗುತ್ತದೆ. ಮೂರು ಸುತ್ತು ಬಿಚ್ಚಿದ ಮೇಲೆ ಎರಡು ತೊಂದರೆಯೂ ಹೋದವು.

ಕಟ್ಟಿದ ಬಗೆ

ಮರದ ಅಂಗಡಿಯಲ್ಲಿ ತಂದ ಎರಡು ರೀಪರ್ ಪಟ್ಟಿಗಳನ್ನು 85 ಸೆಂ.ಮೀ. ಉದ್ದಕ್ಕೆ ಕುಯ್ದು, ನಡುವೆ ಗಾಳಿಪಟದ ಕಡ್ಡಿಗಳಂತೆ ಅಡ್ಡಡ್ಡ ಕೂಡಿಸಿ ಬೋಲ್ಟ್ ಹಾಕಿದೆವು. ನಾಲ್ಕು ತುದಿಗಳಿಗೂ ಬಾಚಣಿಗೆಯ ಹಲ್ಲಿನಂತೆ ಗರಗಸದಿಂದ ಗೀರಿದ ಮರದ ತುಂಡುಗಳನ್ನು ಅಂಟಿಸಿದೆವು. ತಂತಿಗೆ ಸಾಧಾರಣ ಪಿವಿಸಿ ಹೊದಿಕೆಯ ಬಹುಎಳೆ ವೈರ್ ಸಾಕಾಯಿತು. ಎನಾಮಲ್ ತಂತಿಯೂ ಆದೀತು, ಆದರೆ ಅದು ಮೂಲೆಗಳಲ್ಲಿ ಸಡಿಲಾಗಿ ಸುತ್ತು ಜಾರುತ್ತದೆ. ತಂತಿಯ ಎರಡು ತುದಿಗಳನ್ನು ಗ್ಯಾಂಗಿನ ಒಂದು ಭಾಗದ ತಿರುಗುವ ತಗಡುಗಳಿಗೆ ಒಂದು, ತಿರುಗದ ತಗಡುಗಳಿಗೆ ಒಂದರಂತೆ ಬೆಸೆದದ್ದಷ್ಟೇ. ಗ್ಯಾಂಗನ್ನು ಬೆಸೆಯುವ ಮುನ್ನ ಅದರ ತಗಡುಗಳು ತಿರುಗುವಾಗ ಎಲ್ಲಿಯೂ ಒಂದಕ್ಕೊಂದು ತಗಲುತ್ತಿಲ್ಲವೆಂದು ಮೀಟರಿನಿಂದ ನೋಡಿಕೊಳ್ಳಬೇಕು.

ಗ್ಯಾಂಗಿನ ಕಂಬಿಗೆ ನೇರವಾಗಿ ಗುಬುಟು ಹಾಕಿದಾಗ ಕೈ ಹತ್ತಿರ ಬಂದರೆ ಸ್ಟೇಷನ್ ಸರಿಯಾಗುತ್ತಿತ್ತು, ಕೈ ತೆಗೆದರೆ ಓಡಿಹೋಗುತ್ತಿತ್ತು. ಮೈಯ ಧಾರಣೆಯೂ ಶ್ರುತಿಯಲ್ಲಿ ಪಾಲುಗಾರನಾಗುತ್ತಿತ್ತು. ಗೇಣುದ್ದದ ಪಿವಿಸಿ ಕೊಳವೆಯನ್ನು ಕಂಬಿಗೆ ತೂರಿಸಿ ಅದರ ತುದಿಗೆ ಗುಬುಟು ಕೂರಿಸಿದ ಮೇಲೆ ಆ ಆಟ ನಿಂತಿತು.

ರೇಡಿಯೊದೊಂದಿಗೆ ಲೂಪನ್ನು ನೇರವಾಗಿ ಕೂಡಿಸಲಿಲ್ಲ. ಅದೇ ಚೌಕಟ್ಟಿನ ಮೇಲೆ, ದೊಡ್ಡ ಸುರುಳಿಗೆ ಎಲ್ಲಿಯೂ ತಾಗದಂತೆ, ಬೇರೊಂದು ಕೊಂಡಿ ಸುರುಳಿ ಸುತ್ತಿ, ಅದರ ಎರಡು ತುದಿಗಳನ್ನು ಮಾತ್ರ ಏರಿಯಲ್ ಮತ್ತು ಅರ್ಥ್ ತೂತುಗಳಿಗೆ ಕೊಟ್ಟೆವು. ಇದರಿಂದ ದೊಡ್ಡ ಸುರುಳಿಗೂ ವಿದ್ಯುತ್ತಿಗೂ ಸಂಬಂಧವೇ ಇಲ್ಲದಂತಾಯಿತು. ಹೊಸ ಕಂಡೆನ್ಸರುಗಳ ಮೇಲೆ ಇದು ಎರಡನೆಯ ಕಾವಲು. ಕೊಂಡಿಗೆ ಎಷ್ಟು ಸುತ್ತು ಎಂಬುದನ್ನು ಕಿವಿಯೇ ತೀರ್ಮಾನಿಸಿತು. ಒಂದು ಸುತ್ತಿಗೆ ದನಿ ಕ್ಷೀಣವಾಗಿತ್ತು. ಅಲ್ಲದೆ ಲೂಪಿನ ಶ್ರುತಿ ತೀರ ಮೊನಚಾಗಿ, ಮಾತು ತಿಳಿಯುತ್ತಿದ್ದರೂ ನಾಗಸ್ವರ ಕಂಬಳಿ ಹೊದ್ದಂತೆ ಕೇಳುತ್ತಿತ್ತು, ಏಕೆಂದರೆ 612ರಲ್ಲಿ ಗುಣಾಂಕ 100 ಇದ್ದರೆ ಒಟ್ಟು ಸುಮಾರು 6 ಕಿಲೋಹರ್ಟ್ಸ್ ಅಗಲವಷ್ಟೇ ಒಳಬರುತ್ತದೆ. ಐದು ಸುತ್ತಿಗೆ ಲೂಪಿನ ಶ್ರುತಿ ಮೊಂಡಾಯಿತು, ರೇಡಿಯೊದ ಡಯಲ್ ಕೂಡ ಮೇಲ್ತುದಿಯಲ್ಲಿ ಸರಿದಂತಾಯಿತು. ಮೂರು ಸುತ್ತಿಗೆ ನಿಂತೆವು.

ಲಿಫ್ಟಿಗೆ ಮುಖ ಮಾಡಿ

ಮೈಸೂರಿನಿಂದ ಬೆಂಗಳೂರು ಇರುವುದು ಈಶಾನ್ಯಕ್ಕೆ, ಉತ್ತರದಿಂದ ಪೂರ್ವದ ಕಡೆಗೆ ಸುಮಾರು 54 ಡಿಗ್ರಿ ತಿರುಗಿದ ದಿಕ್ಕಿನಲ್ಲಿ. ಮೇಷ್ಟ್ರು ಮೊಬೈಲಿನ ದಿಕ್ಸೂಚಿ ಹಿಡಿದು ಚೌಕಟ್ಟಿನ ಅಂಚನ್ನು ಕರಾರುವಾಕ್ಕಾಗಿ ಈಶಾನ್ಯಕ್ಕೆ ತಿರುಗಿಸಿದರು. ಗ್ಯಾಂಗ್ ಮುಕ್ಕಾಲು ಪಾಲು ಮುಚ್ಚಿದ ಜಾಗದಲ್ಲಿ ದನಿ ತಟ್ಟನೆ ಉಬ್ಬಿ ಬಂತು. ಆದರೆ ಲಿಫ್ಟ್ ಹೊರಟ ಕೂಡಲೇ ಗುಂಯ್ಗುಡುವಿಕೆಯೂ ಬಂತು. ಮೇಷ್ಟ್ರ ಮುಖ ಸಪ್ಪಗಾಯಿತು.

ದಿಕ್ಕಿನ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಲೂಪಿನ ಗರಿಷ್ಠ ತೀರ ಚಪ್ಪಟೆ. ಅಂಚನ್ನು ಸ್ಟೇಷನ್ನಿನಿಂದ 30 ಡಿಗ್ರಿ ಆಚೆ ತಿರುಗಿಸಿದರೂ ಶೇಕಡ 87ರಷ್ಟು ಸಿಗ್ನಲ್ ಉಳಿದಿರುತ್ತದೆ. ಆದರೆ ಅದರ ಕನಿಷ್ಠ ಮೊನಚಾಗಿರುತ್ತದೆ, ಕೆಲವೇ ಡಿಗ್ರಿಗಳಲ್ಲಿ ಸದ್ದು ಅಡಗಿ ಮತ್ತೆ ಎದ್ದುಬಿಡುತ್ತದೆ. ಆದ್ದರಿಂದ ಲೂಪನ್ನು ಬೇಕಾದ ಸ್ಟೇಷನ್ನಿನ ಕಡೆ ತಿರುಗಿಸುವುದಕ್ಕಿಂತ ಬೇಡದ ಗದ್ದಲಕ್ಕೆ ಮುಖ ಮಾಡಿ ನಿಲ್ಲಿಸುವುದೇ ಲಾಭ. ಲಿಫ್ಟಿನ ಗೂಡು ಪಡಸಾಲೆಯಿಂದ ಪೂರ್ವಕ್ಕಿತ್ತು. ಚೌಕಟ್ಟಿನ ಮುಖವನ್ನು ಪೂರ್ವಕ್ಕೆ ತಿರುಗಿಸಿದರೆ ಬೆಂಗಳೂರು ಗರಿಷ್ಠದಿಂದ 54 ಡಿಗ್ರಿ ದೂರವಾಗುತ್ತದೆ, ಸಿಗ್ನಲ್ ಶೇಕಡ 59ಕ್ಕೆ ಇಳಿಯುತ್ತದೆ. ಅಷ್ಟನ್ನು ಬಿಟ್ಟುಕೊಡುವ ಶಕ್ತಿ ನಮಗಿತ್ತು.

ಹಾಗೆ ತಿರುಗಿಸಿದಾಗ ಗುಂಯ್ಗುಡುವಿಕೆ ತಗ್ಗಿತೇ ಹೊರತು ಅಡಗಲಿಲ್ಲ. ಕೊಂಡಿಯ ಎರಡು ಎಳೆಗಳು ರೇಡಿಯೊದ ವಿದ್ಯುತ್ ತಂತಿಯ ಜೊತೆಗೇ ನೆಲದ ಮೇಲೆ ಬಿದ್ದಿದ್ದುದನ್ನು ಗಮನಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಲೂಪ್ ಕೇಳಿಸಿಕೊಳ್ಳದಿದ್ದರೂ ಆ ಎಳೆಗಳು ತಾವೇ ಏರಿಯಲ್ ಆಗಿ ವೈರಿಂಗಿನ ಗದ್ದಲವನ್ನು ಒಳಗೆ ತರುತ್ತಿದ್ದವು. ಎಳೆಗಳನ್ನು ಜಡೆಯಂತೆ ಹೆಣೆದು, ರೇಡಿಯೊದ ಬುಡದಲ್ಲಿ ಒಂದು ಫೆರೈಟ್ ಉಂಗುರದ ಮೇಲೆ ಎಂಟು ಸುತ್ತು ಸುತ್ತಿ, ವಿದ್ಯುತ್ ತಂತಿಯಿಂದ ಬೇರೆ ದಾರಿಯಲ್ಲಿ ತಂದೆವು. ಚೌಕಟ್ಟನ್ನು ಕಿಟಕಿಯ ಕಬ್ಬಿಣದ ಗ್ರಿಲ್ಲಿನಿಂದ ಅರ್ಧ ಮೀಟರ್ ಹಿಂದಕ್ಕೆ ಸರಿಸಿದೆವು. ಮತ್ತೆ ತಿರುಗಿಸಿ ನೋಡಿದಾಗ ಲಿಫ್ಟಿನ ಸದ್ದು ಒಂದೆಡೆ ಪೂರ್ತಿ ಮುಳುಗಿತು. ಆ ಜಾಗ ಸರಿಯಾದ ಪೂರ್ವವಾಗಿರದೆ ತುಸು ಆಗ್ನೇಯಕ್ಕೆ ವಾಲಿತ್ತು. ಇಷ್ಟು ಹತ್ತಿರದ ಗದ್ದಲ ಗೋಡೆಯ ಕೊಳವೆ, ವೈರಿಂಗುಗಳನ್ನು ಹಿಡಿದುಕೊಂಡು ಬರುವುದರಿಂದ ದಿಕ್ಸೂಚಿಗಿಂತ ಕಿವಿಯನ್ನೇ ನಂಬಬೇಕು. ಅದೃಷ್ಟಕ್ಕೆ ಆ ವಾಲುವಿಕೆ ಅಂಚನ್ನು ಬೆಂಗಳೂರಿನ ಕಡೆಗೇ ಒಂದಿಷ್ಟು ತಿರುಗಿಸಿತು.

ಈಗಿನ ಸ್ಥಿತಿ

ಹಗಲಿನಲ್ಲಿ ಬೆಂಗಳೂರು 612 ಮಾತಿಗೂ ಸಂಗೀತಕ್ಕೂ ತೃಪ್ತಿಕರವಾಗಿ ಬರುತ್ತಿದೆ. ಕತ್ತಲಾದ ಮೇಲೆ, ಮೀಡಿಯಂ ವೇವನ್ನು ಹಗಲಿನಲ್ಲಿ ಹೀರಿಕೊಳ್ಳುವ ಅಯಾನುಮಂಡಲದ (ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶವುಳ್ಳ ಪದರಗಳ) ಕೆಳಪದರ ಕರಗಿ ದೂರದ ಅಲೆಗಳು ಮೇಲಿನಿಂದ ಮರಳುವ ಹೊತ್ತಿಗೆ, 765ರಲ್ಲಿ ಧಾರವಾಡ ಮತ್ತು 720ರಲ್ಲಿ ಚೆನ್ನೈ ಸಿಗುತ್ತವೆ; ಏರಿಳಿತ ಇದ್ದೇ ಇರುತ್ತದೆ. ಪ್ರತಿ ಸ್ಟೇಷನ್ನಿಗೂ ರೇಡಿಯೊದ ಗುಬುಟಿನ ಜೊತೆ ಲೂಪಿನ ಗುಬುಟನ್ನೂ ತಿರುಗಿಸಬೇಕಾದ್ದು ಮನೆಯವರಿಗೆ ಕಿರಿಕಿರಿ, ಮೇಷ್ಟ್ರಿಗೆ ಖುಷಿ. ಮುಂಗಾರಿನ ಗುಡುಗಿನ ಚಟಪಟಕ್ಕೆ ಈ ಏರಿಯಲ್ಲಿನಲ್ಲಿ ಮದ್ದಿಲ್ಲ. ಶಾರ್ಟ್ ವೇವಿಗೂ ಇದು ಉಪಯೋಗಕ್ಕೆ ಬಾರದು, ಅದಕ್ಕೆ ಒಂದೆರಡು ಸುತ್ತಿನ ಬೇರೆಯೇ ಲೂಪ್ ಕಟ್ಟಬೇಕು. ಅದನ್ನು ಇನ್ನೂ ಮಾಡಿಲ್ಲ.

ಮೇಷ್ಟ್ರು ಚೌಕಟ್ಟಿನ ಪಾದದ ಬಳಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದುಕೊಂಡಿದ್ದರು: ಒಂದು ಲಿಫ್ಟ್ ಬಿಡುವಿಲ್ಲದೆ ಓಡುವ ಬೆಳಗಿನ ಹೊತ್ತಿಗೆ, ಇನ್ನೊಂದು ಜನ ಮಲಗಿದ ಮೇಲೆ ಧಾರವಾಡಕ್ಕೆ. ನೆಲ ಒರೆಸುವಾಗ ಎರಡು ಸಲ ಅಳಿಸಿಹೋದ್ದರಿಂದ ಈಗ ಅಲ್ಲಿ ಕೆಂಪು ಇನ್ಸುಲೇಷನ್ ಟೇಪು ಅಂಟಿಸಿದ್ದಾರೆ.